ಕೈಯಿಟ್ಟ ಜಾಗದಿಂದಲೇ ಹುಡುಕು

ತಮ್ಮಾ, ಬದಿಯಡ್ಕದಲ್ಲಿ ಗ್ಯಾರೇಜ್ ತೆರೆದಿದ್ದಿ, ಸಂತೋಷ. ಕ್ಲಚ್ ಹಾಕಿ ಕೊಟ್ಟ ಕಾರು ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆಗುವುದಿಲ್ಲ, ನಿನ್ನ ಹತ್ತಿರ ತಂದಾಗ ಮಾತ್ರ ಒಂದೇ ಸೆಲ್ಫಿಗೆ ಹೊರಡುತ್ತದೆ ಎಂದಿ. ಬ್ಯಾಟರಿ ಹೊಸತು ಹಾಕಿ ನೋಡುವುದು, ಆಗದಿದ್ದರೆ ಸೆಲ್ಫ್ ಮೋಟಾರ್ ಬದಲಿಸುವುದು ಎಂಬ ಯೋಚನೆಯೂ ನಿನಗುಂಟು. ಅದನ್ನು ಸದ್ಯಕ್ಕೆ ಬಿಡು.

ರಿಪೇರಿಗೆ ಮೊದಲು ಇಲ್ಲದ ತೊಂದರೆ ರಿಪೇರಿಯ ಮೇಲೆ ಶುರುವಾದರೆ, ಕೈಯಿಟ್ಟ ಜಾಗವನ್ನೇ ಮೊದಲು ಸಂಶಯಪಡಬೇಕು. ಕ್ಲಚ್ಚಿಗಾಗಿ ಗೇರ್‌ಬಾಕ್ಸ್ ಇಳಿಸಿದ್ದಿ. ಆಗ ಬ್ಯಾಟರಿ ಟರ್ಮಿನಲ್ ಕಳಚಿದ್ದಿ, ಸೆಲ್ಫ್ ಬಿಚ್ಚಿದ್ದಿ, ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ತ್ ವಯರನ್ನೂ ತೆಗೆದಿದ್ದಿ. ಹುಡುಕಾಟ ಅಲ್ಲಿಂದ ಶುರುವಾಗಲಿ.

ಅದಕ್ಕೂ ಮೊದಲು ಕಾರಿನವರನ್ನು ಕೂರಿಸಿ ಕೇಳು: ಕೀ ತಿರುಗಿಸಿದಾಗ ಶಬ್ದ ಎಂತದ್ದು? ಏನೂ ಶಬ್ದವಿಲ್ಲದಿದ್ದರೆ ಕೀ ಸ್ವಿಚ್ಚು, ರಿಲೇ, ಸೆಲ್ಫಿನ ಸಣ್ಣ ವಯರು ನೋಡು. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಪಂಪು, ಕ್ರ್ಯಾಂಕ್ ಸೆನ್ಸರಿನ ಕಡೆ ಹೋಗು. ಗೇರ್‌ಬಾಕ್ಸಿನ ಹತ್ತಿರವೇ ಆ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಕನೆಕ್ಟರ್ ಸರಿಯಾಗಿ ಕೂತಿದೆಯೇ ಎಂದು ನೋಡು. ಬರೇ 'ಕಟಕ್' ಎಂದು ನಿಂತರೆ ಹೆಚ್ಚಾಗಿ ಕರೆಂಟಿನ ದಾರಿಯಲ್ಲೇ ತಡೆ ಇರುತ್ತದೆ. ಜನ ಈ ಮೂರನ್ನೂ 'ಸ್ಟಾರ್ಟ್ ಆಗುವುದಿಲ್ಲ' ಎಂದೇ ಹೇಳುತ್ತಾರೆ. ಬಿಡಿಸಿ ಕೇಳುವ ಕೆಲಸ ನಿನ್ನದು.

ನಿನ್ನ ಕೇಸಿನಲ್ಲಿ ಅದು 'ಕಟಕ್' ಆಗಿದ್ದರೆ ನನಗೆ ಅರ್ತಿನ ಮೇಲೆಯೇ ಸಂಶಯ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆದ್ದರಿಂದ ಸೆಲ್ಫಿನ ಕರೆಂಟು ಬ್ಯಾಟರಿಗೆ ಮರಳುವುದು ಆ ಅರ್ತ್ ವಯರಿನಲ್ಲೇ. ಸೆಲ್ಫ್ 150 ಆಂಪಿಯರ್ ಎಳೆಯುವಾಗ, ಬೋಲ್ಟಿನಡಿಯ ತುಕ್ಕು ಬರೇ 0.01 ಓಮ್ ತಡೆ ಒಡ್ಡಿದರೂ ಒಂದೂವರೆ ವೋಲ್ಟ್ ಅಲ್ಲೇ ಹೋಯಿತು. ಟೆಸ್ಟ್ ಲ್ಯಾಂಪಿಗೆ ಸಾಕಾಗುವುದು ಅತ್ಯಲ್ಪ ಕರೆಂಟು, ಆದ್ದರಿಂದ ಅದು ಚೆನ್ನಾಗಿಯೇ ಉರಿದು ನಿನ್ನ ದಾರಿ ತಪ್ಪಿಸುತ್ತದೆ. ಬಿಸಿ, ಅಲುಗಾಟ, ತೇವ ಹೆಚ್ಚು ಕಡಿಮೆಯಾದಂತೆ ಆ ತಡೆಯೂ ಬದಲಾಗುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯಲ್ಲಿ ನಿಲ್ಲುವ ಕಾರುಗಳಲ್ಲಂತೂ ಉಪ್ಪುಗಾಳಿಗೆ ತಾಮ್ರ ವಯರಿನ ಒಳಗೇ ಹಸಿರುಗಟ್ಟಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸತರಂತೆ ಕಾಣುತ್ತದೆ.

ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆ. ಗೇರ್ ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿದ. ಪ್ಲಸ್ ಕಡೆಯನ್ನೂ ಹೀಗೆಯೇ ನೋಡು. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿಯ ಮಾತೆತ್ತು. ಎಲ್ಲವೂ ಸರಿ ತೋರಿಸಿದರೆ ಕಾರನ್ನು ಮರಳಿಸಬೇಡ. ಓಡಿಸಿ ಬಿಸಿ ಮಾಡಿ, ವಯರುಗಳನ್ನು ಅಲುಗಾಡಿಸಿ ಮತ್ತೆ ಅಳೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಊರಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಆ ದಾರಿ ನಮಗೆಷ್ಟು ಬೇಕೆಂದು ಎಲ್ಲರೂ ಕಂಡಿದ್ದೇವೆ. ಗುಡ್ಡದ ಮೇಲಿನ ಮನೆಯಂಗಳದಲ್ಲಿ ನಡುರಾತ್ರಿ ಕೀ ತಿರುಗಿಸುವವರಿಗೆ 'ಹೆಚ್ಚಾಗಿ ಸ್ಟಾರ್ಟ್ ಆಗುತ್ತದೆ' ಎಂಬ ಕಾರು ಸಾಲದು. ಕಾರಣ ಕಾಣದೆ 'ಸರಿಯಾಯಿತು' ಎಂದು ಕೀ ಕೊಡಬೇಡ. ಅರ್ತ್ ಬೋಲ್ಟೇ ಸಡಿಲವಿತ್ತೆಂದಾದರೆ ಉಜ್ಜಿ, ಬಿಗಿದು, ಗ್ರೀಸ್ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಕಾರಿನವರಿಗೆ ಹೇಳು. ಅದಕ್ಕೆ ಮಜೂರಿ ತೆಗೆದುಕೊಳ್ಳಬೇಡ.