ಡಬ್ಬಿಗೆ ತಕ್ಕ ಟೊಮೇಟೊ

ಸಂತೆಯಲ್ಲಿ ಟೊಮೇಟೊ ಕೊಳ್ಳುವವರು ಸಾಮಾನ್ಯವಾಗಿ ಬಣ್ಣವನ್ನೂ ದುಂಡನೆಯ ಆಕಾರವನ್ನೂ ನೋಡಿ ಆರಿಸುವರು. ಸಾರಿಗೆ, ಗೊಜ್ಜಿಗೆ ಅಷ್ಟು ಸಾಕು. ಆದರೆ ಹಣ್ಣನ್ನು ಡಬ್ಬಿಯಲ್ಲೋ ಗಾಜಿನ ಶೀಸೆಯಲ್ಲೋ ತುಂಬಿ, ಕಾಯಿಸಿ, ಗಾಳಿಯಾಡದಂತೆ ಮುಚ್ಚಿ ತಿಂಗಳುಗಟ್ಟಲೆ ಇಡಬೇಕೆನ್ನುವವರು ಬೇರೆ ಗುಣಗಳನ್ನು ಅರಸಬೇಕಾಗುತ್ತದೆ. ಅವುಗಳಲ್ಲಿ ಹಲವನ್ನು ತಳಿಯ ಆಯ್ಕೆಯಿಂದಲೇ ಪಡೆಯಬಹುದು. ಒಂದನ್ನು ಮಾತ್ರ ತಳಿಯ ಮೇಲೆ ಭಾರ ಹಾಕಿ ಬಿಡುವಂತಿಲ್ಲ.

ಮೊದಲು ನೀರಿನ ವಿಚಾರ. ಟೊಮೇಟೊ ಹಣ್ಣಿನಲ್ಲಿ ನೂರಕ್ಕೆ ಸುಮಾರು 94 ಭಾಗ ನೀರು. ಉಳಿದುದು ಸಕ್ಕರೆ, ಆಮ್ಲ, ನಾರು ಮೊದಲಾದ ಘನಾಂಶ. ಇದರಲ್ಲಿ ಒಂದೆರಡು ಭಾಗ ಹೆಚ್ಚುಕಡಮೆಯಾದರೆ ಏನಾದೀತು ಎನ್ನುವಿರಾ? ಲೆಕ್ಕ ಹಾಕಿ ನೋಡಿ. ನೂರಕ್ಕೆ 4 ಭಾಗ ಘನಾಂಶವುಳ್ಳ ರಸದಿಂದ, 28 ಭಾಗ ಘನಾಂಶವುಳ್ಳ 10 ಕಿಲೋಗ್ರಾಂ ಪೇಸ್ಟನ್ನು ತಯಾರಿಸಲು 70 ಕಿಲೋಗ್ರಾಂ ರಸ ಬೇಕು. 60 ಕಿಲೋಗ್ರಾಂ ನೀರನ್ನು ಆವಿಯಾಗಿಸಬೇಕು. ರಸದಲ್ಲಿ 6 ಭಾಗ ಘನಾಂಶವಿದ್ದರೆ 47 ಕಿಲೋಗ್ರಾಂ ರಸವೇ ಸಾಕು. ಆವಿಯಾಗಬೇಕಾದ ನೀರು 37 ಕಿಲೋಗ್ರಾಮಿಗೆ ಇಳಿಯುವುದು. ಉರುವಲಿನ ಉಳಿತಾಯ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದಲೇ ನೀಳವಾದ, ದಪ್ಪ ತಿರುಳಿನ ತಳಿಗಳಿಗೆ ಇಲ್ಲಿ ಮನ್ನಣೆ. ಇಟಲಿಯ ವೆಸೂವಿಯಸ್ ಪರ್ವತದ ಸಮೀಪದ ಸ್ಯಾನ್ ಮಾರ್ಜಾನೋ, ಅಮೆರಿಕದ ರೋಮಾ, ಇವುಗಳನ್ನು ಅಡ್ಡಲಾಗಿ ಕೊಯ್ದರೆ ಎರಡು ಮೂರು ಬೀಜದ ಗೂಡುಗಳು ಮಾತ್ರ ಕಾಣುವುವು, ಲೋಳೆ ಕಡಮೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಂಸ್ಕರಣೆಗೆಂದೇ ಅರ್ಕಾ ಆಹುತಿ, ಅರ್ಕಾ ಆಶಿಷ್ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ.

ಕಾರ್ಖಾನೆಗೆ ಇನ್ನೊಂದು ಬೇಡಿಕೆಯುಂಟು: ಕಿತ್ತಾಗ ತೊಟ್ಟು ಹಣ್ಣಿಗೆ ಅಂಟಿಕೊಂಡು ಬರಬಾರದು. ತೊಟ್ಟಿನಲ್ಲಿ ಗೆಣ್ಣಿಲ್ಲದ ಗಿಡವಾದರೆ ಹಣ್ಣು ತೊಟ್ಟನ್ನು ಬಿಟ್ಟು ಬರುವುದು. ಈ ಗುಣವನ್ನು ವಿಜ್ಞಾನಿಗಳು ಗ್ಯಾಲಪಗೋಸ್ ದ್ವೀಪಗಳ ಕಾಡು ಟೊಮೇಟೊದಿಂದ ತಂದರು. ಆ ದ್ವೀಪಗಳ ಕಾಡು ಟೊಮೇಟೊ ಬೀಜಗಳು ಸುಲಭವಾಗಿ ಮೊಳೆಯುವುದಿಲ್ಲ. ದೈತ್ಯ ಆಮೆಯ ಹೊಟ್ಟೆಯನ್ನು ಹಾದು ಬಂದ ಬೀಜಗಳು ಚೆನ್ನಾಗಿ ಮೊಳೆಯುವುವೆಂದು ಚಾರ್ಲ್ಸ್ ರಿಕ್ ಮತ್ತು ಬೌಮನ್ 1961ರಲ್ಲಿ ತೋರಿಸಿದರು!

ಇನ್ನು ತಳಿಗೆ ಬಿಡಲಾಗದ ಆ ಗುಣ: ಆಮ್ಲತೆ. ಮಣ್ಣಿನಲ್ಲಿ ಎಲ್ಲೆಡೆಯೂ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಗಾಳಿಯಿಲ್ಲದ ಡಬ್ಬಿ ಅವಕ್ಕೆ ಹಿತವಾದ ಮನೆ. ಅಲ್ಲಿ ಮೊಳೆತರೆ ನರಗಳನ್ನು ಸ್ತಬ್ಧಗೊಳಿಸುವ ಮಾರಕ ವಿಷ ಹುಟ್ಟುವುದು. ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಟೊಮೇಟೊದ ಪಿಎಚ್ ಈ ಗಡಿಯ ಆಚೆ ಈಚೆ ಓಲಾಡುತ್ತಿರುವುದೇ ತೊಡಕು. ಹಣ್ಣು ಅತಿಯಾಗಿ ಮಾಗಿದರೆ, ಒಣಗಿದ ಗಿಡದಲ್ಲಿಯೇ ಉಳಿದರೆ, ಬೂಷ್ಟು ಹಿಡಿದರೆ ಆಮ್ಲತೆ ಕುಗ್ಗುವುದು. ವಿನೋದವೆಂದರೆ, ಡಬ್ಬಿಯ ಟೊಮೇಟೊಗಳಲ್ಲಿ ಅಗ್ರಗಣ್ಯವೆನಿಸಿದ ಸ್ಯಾನ್ ಮಾರ್ಜಾನೋವನ್ನೇ ಅಮೆರಿಕದ ಕೃಷಿ ವಿಸ್ತರಣಾ ಪ್ರಕಟಣೆಗಳು ಪಿಎಚ್ 4.6ನ್ನು ಮೀರಬಹುದಾದ ತಳಿಗಳೊಡನೆ ಸೇರಿಸಿವೆ.

ನಾಲಗೆಯನ್ನು ನಂಬಬಹುದೆ? ಆಗದು. ಸಕ್ಕರೆ ಹೆಚ್ಚಿರುವ ಹಣ್ಣು ಸಿಹಿಯೆನಿಸಿದರೂ ಆಮ್ಲತೆಯಲ್ಲಿ ಹಿಂದೆ ಬೀಳದಿರಬಹುದು. ಹುಳಿಯನ್ನು ಸಕ್ಕರೆ ಮರೆಮಾಡುವುದೇ ಹೊರತು ಪಿಎಚ್ಚನ್ನು ಬದಲಿಸುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಧಿಯಂತೆ, ತಳಿ ಯಾವುದಾದರೂ ಸರಿ, ಒಂದು ಕ್ವಾರ್ಟ್, ಅಂದರೆ ಸುಮಾರು 950 ಮಿಲಿಲೀಟರ್, ಟೊಮೇಟೊಗೆ ಎರಡು ದೊಡ್ಡ ಚಮಚ, ಎಂದರೆ 30 ಮಿಲಿಲೀಟರ್, ನಿಂಬೆಯ ರಸವನ್ನೋ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲವನ್ನೋ ಬೆರೆಸಬೇಕು. ನಿಂಬೆಯ ರಸವೂ ಶೀಸೆಯಲ್ಲಿ ಮಾರುವಂಥದ್ದೇ ಆಗಿರಬೇಕು. ಮರದಿಂದ ಕಿತ್ತ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ. ಶೀಸೆಯ ರಸದ ಆಮ್ಲತೆ ಒಂದೇ ಅಳತೆಯದು. ಹುಳಿ ಹೆಚ್ಚಾಯಿತೆನ್ನುವವರು ಒಂದಿಷ್ಟು ಸಕ್ಕರೆ ಸೇರಿಸಿಕೊಳ್ಳಲಡ್ಡಿಯಿಲ್ಲ.