ಬಿಸಿಲೂರಿನ ಕೇಕಿಗೆ ಅಚ್ಚಿನ ಅಂದ

ಅಚ್ಚಿನ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ದೀಪಾವಳಿ ಕಳೆದು ಗೌರಿ ಹುಣ್ಣಿಮೆ ಬಂತೆಂದರೆ ಕಟ್ಟಿಗೆಯ ಅಚ್ಚು ನೀರಲ್ಲಿ ನೆನೆಯುತ್ತದೆ, ಸಕ್ಕರೆ ಪಾಕ ಕುದಿಯುತ್ತದೆ, ಸಂತೆಯಲ್ಲಿ ಸಕ್ಕರೆ ಆರತಿಯ ಗೊಂಬೆಗಳು ಸಾಲಾಗಿ ಕೂರುತ್ತವೆ. ಈಗ ಅದೇ ಸಕ್ಕರೆಗೆ ಸಿಲಿಕೋನ್ ಅಚ್ಚು ಬಂದಿದೆ. ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಮನೆಯಲ್ಲೇ ಕೇಕ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿಯುವವರಿಗೆ ಇಂಪ್ರೆಷನ್ ಮ್ಯಾಟ್ ಒಳ್ಳೆಯ ಒತ್ತಾಸೆ. ಬಳ್ಳಿ, ಇಟ್ಟಿಗೆ, ಹೊಲಿಗೆ ಹೀಗೆ ಯಾವುದೋ ಚಿತ್ತಾರ ಉಬ್ಬಿರುವ ಹಾಳೆ ಅದು; ಐಸಿಂಗ್ ಮೇಲೆ ಒತ್ತಿದರೆ ಗುರುತು ಮೂಡುತ್ತದೆ. ನಾಜಲ್ ಹಿಡಿದು ಗುಲಾಬಿ ಅರಳಿಸಲು ಬೇಕಾದಷ್ಟು ಪಳಗಿದ ಕೈ ಇದಕ್ಕೆ ಬೇಡ. ಬೇಕಾಗಿರುವುದು ಹೊತ್ತು ಗೊತ್ತು.

1. ಯಾವುದರ ಮೇಲೆ ಒತ್ತುತ್ತೀರಿ, ಮೊದಲು ಅದನ್ನು ನೋಡಿ.
ನಮ್ಮ ಕಡೆ ಹೆಚ್ಚು ನಡೆಯುವುದು ವಿಪ್ಪಿಂಗ್ ಕ್ರೀಮ್. ಅದು ಮ್ಯಾಟಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಅದಕ್ಕೆ ಹಲ್ಲಿನ ಸ್ಕ್ರೇಪರ್ ಎಳೆದು ಗೀರು ಮೂಡಿಸಿ, ಸಾಕು. ಅಚ್ಚು ಚೆನ್ನಾಗಿ ಹಿಡಿಯುವುದು ಫಾಂಡಂಟ್. ಐಸಿಂಗ್ ಶುಗರ್ ಹೆಚ್ಚು ಹಾಕಿದ, ಮೇಲೆ ತೆಳು ಪೊರೆಗಟ್ಟುವ ಬಟರ್‌ಕ್ರೀಮ್ ಕೂಡ ಹಿಡಿಯುತ್ತದೆ. ಕರಗಿಸಿದ ಚಾಕೊಲೇಟನ್ನು ಮ್ಯಾಟಿನ ಮೇಲೇ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ಕೇಕಿನ ಸುತ್ತ ನಿಲ್ಲಿಸುವುದೂ ಉಂಟು.

2. ಪಂಚಾಂಗ ನೋಡಿ ಹಿಟ್ಟು ನಾದಿ.
ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಣ್ಣೆ ಕರಗಲು 32ರಿಂದ 35 ಡಿಗ್ರಿ ಸಾಕು. ಆ ದಿನಗಳಲ್ಲಿ ಗಾಳಿ ಒಣ. ಫಾಂಡಂಟ್ ಲಟ್ಟಿಸುತ್ತಿರುವಾಗಲೇ ಮೇಲ್ಮೈ ಒಣಗಿ ಸುಕ್ಕು ಬೀಳುತ್ತದೆ, ಮ್ಯಾಟ್ ಒತ್ತಿದಲ್ಲಿ ಬಿರಿಯುತ್ತದೆ. ಆಗ ಕೈಗೆ ಚೂರು ಡಾಲ್ಡಾ ಸವರಿಕೊಂಡು ನಾದಿ, ಬಳಸದ ಉಂಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡಿ. ಮಳೆಗಾಲದ ತೊಂದರೆಯೇ ಬೇರೆ: ಫಾಂಡಂಟ್ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಕಾಲು ಕಿಲೋ ಫಾಂಡಂಟಿಗೆ ಕಾಲು ಟೀ ಚಮಚ ಸಿಎಂಸಿ ಪುಡಿ ಬೆರೆಸಿ ಅರ್ಧ ತಾಸು ಬಿಟ್ಟರೆ ಬಿಗಿ ಬರುತ್ತದೆ. ಯಾವ ಕಾಲವಾದರೂ ಬೆಳಗಿನ ಜಾವವೇ ಈ ಕೆಲಸಕ್ಕೆ ಸರಿ.

3. ಒಂದೇ ಸಲ ಒತ್ತಿ.
ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಫಾಂಡಂಟನ್ನು ಸುಮಾರು 4 ಮಿಲಿಮೀಟರ್ ದಪ್ಪ ಲಟ್ಟಿಸಿ. ತೆಳ್ಳಗಿದ್ದರೆ ಅಚ್ಚು ಹರಿದುಹೋಗುತ್ತದೆ. ಕಾರ್ನ್‌ಫ್ಲೋರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮ್ಯಾಟಿನ ಮೇಲೆ ತಟ್ಟಿ, ಹೆಚ್ಚಾದ ಪುಡಿ ಝಾಡಿಸಿ. ಮ್ಯಾಟ್ ಹಾಸಿ, ಲಟ್ಟಣಿಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಒತ್ತಡದಲ್ಲಿ ಉರುಳಿಸಿ. ಹಿಂದೆ-ಮುಂದೆ ಆಡಿಸಿದಿರೋ, ಕೂದಲೆಳೆಯಷ್ಟು ಸರಿದು ಗುರುತು ಎರಡೆರಡಾಗಿ ಕಾಣುತ್ತದೆ. ಸರಿಯಾಗಿ ಮೂಡದ ಕಡೆ ಮತ್ತೆ ಮ್ಯಾಟ್ ಇಟ್ಟು ತಿದ್ದಲು ಹೋಗಬೇಡಿ. ಉಂಡೆ ಕಟ್ಟಿ ಮೊದಲಿನಿಂದ ಲಟ್ಟಿಸುವುದೇ ಬೇಗ ಮುಗಿಯುವ ದಾರಿ.

4. ಮೂಲೆಯ ಲೆಕ್ಕ ಮೊದಲೇ ಹಾಕಿ.
ಇಡೀ ಕೇಕಿಗೆ ಒಂದೇ ಹಾಳೆ ಹೊದಿಸುವುದಾದರೆ ಕೇಕಿನ ಅಗಲಕ್ಕೆ ಎತ್ತರದ ಎರಡರಷ್ಟು ಕೂಡಿಸಿ, ಮೇಲೊಂದು ಇಂಚು ಬಿಡಿ. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ 17 ಇಂಚಾಯಿತು. ಮ್ಯಾಟುಗಳು ಬಹಳ ಸಲ ಅಷ್ಟು ದೊಡ್ಡವಿರುವುದಿಲ್ಲ. ಮೇಲಾಗಿ, ಅಚ್ಚೊತ್ತಿದ ಹಾಳೆ ಅಂಚಿನಲ್ಲಿ ಇಳಿಯುವಾಗ ಎಳೆದುಕೊಂಡು ಚಿತ್ತಾರ ಸೊಟ್ಟಗಾಗುತ್ತದೆ. ಬಳ್ಳಿಯಲ್ಲಿ ಆ ಸೊಟ್ಟ ಗೊತ್ತಾಗದು, ಇಟ್ಟಿಗೆಯಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಗೆರೆ ನೆಟ್ಟಗಿರುವ ವಿನ್ಯಾಸಕ್ಕೆ ಮೇಲೊಂದು ವೃತ್ತ, ಸುತ್ತಲೂ ಒಂದು ಪಟ್ಟಿ ಎಂದು ಬೇರೆ ಬೇರೆ ಕತ್ತರಿಸಿ. 8 ಇಂಚಿನ ಕೇಕಿಗೆ ಸುತ್ತಿನ ಪಟ್ಟಿ 25 ಇಂಚಿಗಿಂತ ತುಸು ಹೆಚ್ಚಿರಲಿ. ಜೋಡಣೆ ಹಿಂಬದಿಗೆ ಬರಲಿ.

5. ಬಟರ್‌ಕ್ರೀಮಿಗೆ ಚಳಿ ಬೇಕು.
ಪೊರೆಗಟ್ಟುವ ತನಕ ಕಾಯಿರಿ. ಬೆರಳು ಮುಟ್ಟಿಸಿದರೆ ಅಂಟಬಾರದು. ಇದಕ್ಕಿಂತ ನೆಚ್ಚಬಹುದಾದ ದಾರಿ ಇನ್ನೊಂದಿದೆ: ಬಟರ್‌ಕ್ರೀಮನ್ನು ಮ್ಯಾಟಿನ ಗುಳಿಗಳಿಗೆ ತುಂಬಿ ಸವರಿ, ತಂಪಾಗಿಸಿದ ಕೇಕಿಗೆ ಸುತ್ತಿ, ಮ್ಯಾಟ್ ಸಮೇತ ಫ್ರೀಜರಿನಲ್ಲಿಡಿ. ಕಲ್ಲಿನಂತೆ ಗಟ್ಟಿಯಾದ ಮೇಲೆ ಒಂದು ತುದಿಯಿಂದ ನಿಧಾನಕ್ಕೆ ಬಿಡಿಸಿ. ರಾಜ್ಯಕ್ಕೆ ವಿದ್ಯುತ್ ಕೊಡುವ 1720 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರ ಇಲ್ಲೇ ಶಕ್ತಿನಗರದಲ್ಲಿದೆ, ನಿಜ. ಆದರೂ ಕರೆಂಟ್ ನಂಬಿ ಕೂರಬೇಡಿ. ಐಸ್‌ಪ್ಯಾಕ್ ಹಾಕಿದ ಥರ್ಮಾಕೋಲ್ ಡಬ್ಬಿಯೊಂದು ಸಿದ್ಧವಿರಲಿ.

6. ಚಿತ್ತಾರ ನಮ್ಮದಾಗಿರಲಿ.
ಆನ್‌ಲೈನಿನಲ್ಲಿ ಸಿಗುವ ಮ್ಯಾಟುಗಳೆಲ್ಲ ಗುಲಾಬಿ, ಲೇಸು, ಕಲ್ಲುಹಾಸು. ಅವನ್ನೇ ನಮ್ಮ ಕಣ್ಣಿನಿಂದ ನೋಡಿದರೆ ಕೆಲಸ ಬೇರೆಯಾಗುತ್ತದೆ. ಹೊಲಿಗೆಯ ಮ್ಯಾಟ್ ತಂದಿದ್ದೀರಾ? ಬೇರೆ ಬೇರೆ ಬಣ್ಣದ ಫಾಂಡಂಟ್ ತುಂಡುಗಳನ್ನು ಅಂಚಿಗಂಚು ಕೂಡಿಸಿ, ಮೇಲೆ ಹೊಲಿಗೆಯ ಅಚ್ಚು ಒತ್ತಿ: ಕೌದಿ ಕೇಕ್ ಆಯಿತು. ತೊಟ್ಟಿಲ ಕಾರ್ಯಕ್ಕೆ ಇದಕ್ಕಿಂತ ಒಪ್ಪುವುದು ಸಿಗಲಾರದು. ಸೀಮಂತಕ್ಕೆ ಇಳಕಲ್ ಸೀರೆ ಮಾಡಿ. ಒಡಲಿನ ಭಾಗ ನುಣ್ಣಗಿರಲಿ, ಅಂಚಿನ ಪಟ್ಟಿಗೆ ಮಾತ್ರ ಸಣ್ಣ ಗೀರಿನ ಅಚ್ಚು ಒತ್ತಿ ಕೆಂಪು ಹಚ್ಚಿ. ಸೆರಗಿನ ತೋಪ್ ತೆನಿಯನ್ನು ಬಿಳಿ ಫಾಂಡಂಟಿನಲ್ಲಿ ಕತ್ತರಿಸಿ ಅಂಟಿಸಿ. ಮೈತುಂಬ ಅಚ್ಚೊತ್ತಿದ ಕೇಕಿನಲ್ಲಿ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಈ ಸೀರೆಯ ಸೊಗಸು ನುಣುಪು ಒಡಲಿನಲ್ಲೇ ಇದೆ.

ರಾಯಚೂರು ಕೋಟೆಯ ಕೇಕ್ ಕೇಳುವವರೂ ಇರುತ್ತಾರೆ. ಅಲ್ಲಿ ಉರುಟು ಕಲ್ಲಿನ ಮ್ಯಾಟ್ ಒತ್ತಿದರೆ ಅದು ಬೇರೆ ಯಾವುದೋ ದೇಶದ ಕೋಟೆಯಾಗುತ್ತದೆ. ನಮ್ಮ ಒಳಕೋಟೆಯ ಗೋಡೆಯಲ್ಲಿ ಗಾರೆಯಿಲ್ಲ. ಚೌಕ ಕಡಿದ ಭಾರೀ ಬಂಡೆಗಳು ಒಂದರ ಮೇಲೊಂದು ಬಿಗಿಯಾಗಿ ಕೂತಿವೆ. 1294ರ ಶಾಸನವಿರುವ ಕಲ್ಲಂತೂ 41 ಅಡಿಗೂ ಉದ್ದ. ಹಾಗಾಗಿ ಇಟ್ಟಿಗೆಯ ಮ್ಯಾಟನ್ನೂ ಬದಿಗಿಟ್ಟು, ಒರಟು ಕಲ್ಲಿನ ಮೇಲ್ಮೈ ಇರುವ ಮ್ಯಾಟನ್ನು ಮೆಲ್ಲಗೆ ಒತ್ತಿ, ಸಂದುಗಳನ್ನು ಚಾಕುವಿನ ಬೆನ್ನಿನಿಂದ ನೀವೇ ಗೀರಿ. ಒಂದು ಕಲ್ಲು ಮಾತ್ರ ಉಳಿದವಕ್ಕಿಂತ ಬಹಳ ಉದ್ದವಿರಲಿ. ಕೋಟೆ ಕಂಡವರು ತಕ್ಷಣ ಗುರುತಿಸುತ್ತಾರೆ.

7. ಬಣ್ಣ ಒಣಗಿದ್ದಷ್ಟೂ ಒಳ್ಳೆಯದು.
ನೀರು ಹಚ್ಚಿದರೆ ಸಕ್ಕರೆ ಕರಗಿ ಅಚ್ಚು ಮಸುಕಾಗುತ್ತದೆ. ಕೋಕೋ ಪುಡಿಯನ್ನು ಮೆತ್ತನೆ ಬ್ರಷ್ಷಿನಲ್ಲಿ ತಗ್ಗಿಗೆ ಸವರಿ, ಉಬ್ಬಿನ ಮೇಲಿನದನ್ನು ಒರೆಸಿ. ಕಲ್ಲಿಗೂ ಕಟ್ಟಿಗೆಗೂ ಅದೇ ಸಾಕು. ಮಿಂಚಿನ ಪುಡಿ ಕೊಳ್ಳುವಾಗ ಡಬ್ಬಿ ಓದಿ. ‘ನಾನ್‌ಟಾಕ್ಸಿಕ್’ ಎಂದಿದ್ದರೆ ಅದು ತಿನ್ನುವ ಪದಾರ್ಥವಲ್ಲ. ‘ಎಡಿಬಲ್’ ಎಂದೇ ಇರಬೇಕು.

8. ಹಸಿರು ಚುಕ್ಕೆ ಮರೆಯಬೇಡಿ.
ಇಲ್ಲಿ ಎಗ್‌ಲೆಸ್ ಕೇಳುವವರು ಬಹಳ. ಸ್ಪಾಂಜಿನಲ್ಲಿ ಮೊಟ್ಟೆ ಬಿಟ್ಟು ಮೇಲೆ ಜೆಲಟಿನ್ ಇರುವ ಫಾಂಡಂಟ್ ಹೊದಿಸಿದರೆ ಶಾಕಾಹಾರಿಗಳಿಗೆ ಮೋಸ ಮಾಡಿದಂತೆ. ಜೆಲಟಿನ್ ಬರುವುದು ಪ್ರಾಣಿಯ ಚರ್ಮ, ಎಲುಬಿನಿಂದ. ಹಸಿರು ಚುಕ್ಕೆಯ ಫಾಂಡಂಟ್ ಸಿಗುತ್ತದೆ. ಇನ್ನೊಂದು: ಮೊಟ್ಟೆಯಿಲ್ಲದ ಸ್ಪಾಂಜು ಮೆತ್ತಗಿದ್ದರೆ ಫಾಂಡಂಟಿನ ಭಾರಕ್ಕೆ ಕುಸಿಯುತ್ತದೆ. ಸ್ವಲ್ಪ ಗಟ್ಟಿ ಸ್ಪಾಂಜು ಮಾಡಿ, ಗನಾಷ್ ಬಳಿದು ಹೊಂದಿಸಿಕೊಳ್ಳಿ. ಡಾರ್ಕ್ ಚಾಕೊಲೇಟಾದರೆ ಎರಡು ಪಾಲಿಗೆ ಒಂದು ಪಾಲು ಕ್ರೀಮ್, ವೈಟ್ ಆದರೆ ಮೂರು ಪಾಲಿಗೆ ಒಂದು. ಬೇಸಿಗೆಯಲ್ಲಿ ಕ್ರೀಮ್ ಇನ್ನೂ ಚೂರು ಕಡಿಮೆ ಮಾಡಿ.

9. ಮ್ಯಾಟ್ ತೊಳೆದು ಚಪ್ಪಟೆಯಾಗಿಡಿ.
ಉಗುರುಬೆಚ್ಚನೆ ನೀರು, ಮೆತ್ತನೆ ಬ್ರಷ್ಷು. ಪ್ಲಾಸ್ಟಿಕ್ ಮ್ಯಾಟನ್ನು ಮಾಳಿಗೆಯ ಬಿಸಿಲಲ್ಲಿ ಒಣಹಾಕಬೇಡಿ, ಸೊಟ್ಟಗಾದೀತು.

10. ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.
ರಾಯಚೂರಿನಿಂದ ಕಲ್ಲೂರು ದಾಟಿ ಮಾನ್ವಿಗೋ, ಗಬ್ಬೂರು ದಾಟಿ ದೇವದುರ್ಗಕ್ಕೋ ಕೇಕ್ ಹೋಗಬೇಕೆಂದರೆ ಬಿಸಿಲೇರುವ ಮೊದಲೇ ಹೊರಡಿ. ಫ್ರಿಜ್ಜಿನಿಂದ ತೆಗೆದ ಫಾಂಡಂಟ್ ಕೇಕ್ ಬೆವರುತ್ತದೆ. ಆ ಹನಿ ಒರೆಸಿದರೆ ಅಚ್ಚೂ ಅಳಿಯುತ್ತದೆ. ಫ್ಯಾನಿನ ಗಾಳಿಗೆ ತಾನೇ ಆರಲಿ. ರಟ್ಟಿನ ಡಬ್ಬಿಯಲ್ಲೇ ಫ್ರಿಜ್ಜಿನಲ್ಲಿಟ್ಟು, ಡಬ್ಬಿ ತೆರೆಯದೆ ಒಯ್ದರೆ ಬೆವರು ಕಡಿಮೆ.

11. ಬೆಲೆ ಹೇಳಲು ನಾಚಬೇಡಿ.
ಮ್ಯಾಟ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಆದರೆ ಫಾಂಡಂಟು, ಗನಾಷು, ನಸುಕಿನ ನಿಮ್ಮ ದುಡಿಮೆ ಪ್ರತಿ ಕೇಕಿಗೂ ಹೊಸ ಖರ್ಚು. ಕ್ರೀಮ್ ಕೇಕಿನ ದರಕ್ಕೆ ಇದನ್ನು ಕೊಡಬೇಡಿ. ಮತ್ತು ಮೇ ತಿಂಗಳ ಮದುವೆಗೆ, ಬಯಲು ಶಾಮಿಯಾನದ ಕೆಳಗೆ, ಬಟರ್‌ಕ್ರೀಮಿನ ಮೇಲೆ ಅಚ್ಚು ಬೇಕೆಂದು ಯಾರಾದರೂ ಫೋಟೊ ಕಳಿಸಿದರೆ ಮುಂಗಡ ಹಿಡಿಯುವ ಮೊದಲೇ ಆಗದೆಂದು ಹೇಳಿಬಿಡಿ. ಫಾಂಡಂಟಿಗೆ ಒಪ್ಪಿದರೆ ಮಾತ್ರ ಆರ್ಡರ್ ಬರೆದುಕೊಳ್ಳಿ.