ದಿನದ ಚಿಂತನೆ: ಮೂರನೆಯ ರಾಣಿ



ಬ್ರಹ್ಮಜಾಲ ಸುತ್ತದಲ್ಲಿ ಭಗವಾನರು ತೊರೆದ ಆಟಗಳ ಪಟ್ಟಿಯಿದೆ. ಎಂಟು ಮನೆಯ ಹಲಗೆಯಾಟವೂ ಅದರಲ್ಲಿದೆ. ಅದು ಭಿಕ್ಖುಗಳಿಗೆ, ಮಕ್ಕಳ ಚೆಸ್ ಬೋರ್ಡ್ ಕಸಿಯಬೇಡಿ!

ತ್ಯಾವಣಿಗೆಯ ಮಕ್ಕಳ ಪಂದ್ಯಾವಳಿಯಲ್ಲಿ ನಾನು ಕಂಡ ಆಟವಿದು. ಹುಡುಗನಿಗೆ ಎರಡು ರಾಣಿ, ಎದುರಿನ ಹುಡುಗಿಗೆ ಬರೀ ರಾಜ. ಮುಗಿಸುವ ಬದಲು ಅವನು ಮೂರನೆಯ ರಾಣಿ ಮಾಡಿ ನಕ್ಕ. ಅವಳ ರಾಜನಿಗೆ ಚೆಕ್ ಇಲ್ಲ, ಕಾಲಿಡಲು ಮನೆಯೂ ಇಲ್ಲ: ಸ್ಟೇಲ್‌ಮೇಟ್. ಆಟ ಡ್ರಾ, ಇಬ್ಬರಿಗೂ ಅರ್ಧ ಅಂಕ. ಅವಳು ಮೊದಲೇ ಸೋಲೊಪ್ಪಿ ಎದ್ದಿದ್ದರೆ ಅದೂ ಇಲ್ಲ.

ಅವನನ್ನು ತಡೆದದ್ದು ಪಾಲಿಯ 'ಮಾನ'. ಮರ್ಯಾದೆಯಲ್ಲ, ಅಳೆದುಕೊಳ್ಳುವ ಅಹಂ. ನಾನು ಮೇಲು ಎಂಬುದಷ್ಟೇ ಅಲ್ಲ, ನಾನು ಕೀಳು, ನಾನು ಸಮ ಎಂಬುದೂ ಮಾನವೇ. ಸಮಾನತೆಗೆ ಹೋರಾಡುವ ನಮಗೆ ಕೊನೆಯದು ಕಹಿ. ಬಾಬಾಸಾಹೇಬರು ಕೇಳಿದ ಸಮಾನತೆ ಹಕ್ಕು. ದಿನವೂ ಪಕ್ಕದವರೊಡನೆ ತೂಗಿಕೊಳ್ಳುವುದು ಬೇರೆ. ಭಾನುವಾರ ಇದನ್ನೇ ಚರ್ಚಿಸೋಣ.